ಆಯುಷ್ಮಾನ್ ಕಾರ್ಡ್ ಕಳೆದುಹೋದರೆ ಏನು ಮಾಡಬೇಕು?

ಕಾರ್ಡ್ ಕಳೆದುಹೋಯಿತು, ಮಳೆಯಲ್ಲಿ ನೆನೆದು ಅಕ್ಷರ ಅಳಿಸಿಹೋಯಿತು ಎಂದ ಮಾತ್ರಕ್ಕೆ ಚಿಕಿತ್ಸೆಯ ಸೌಲಭ್ಯ ತಪ್ಪುವುದಿಲ್ಲ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ನಿಮ್ಮ ವಿವರ ಇರುವುದು ಸರ್ವರ್‌ನಲ್ಲಿ, ಕೈಯಲ್ಲಿರುವುದು ಅದರ ಪ್ರಿಂಟ್ ಅಷ್ಟೆ. ಅದನ್ನು ಮತ್ತೆ ಇಳಿಸಿಕೊಳ್ಳಲು ಪೊಲೀಸ್ ದೂರು, ಅಫಿಡವಿಟ್ ಯಾವುದೂ ಬೇಡ.

ಆಯುಷ್ಮಾನ್ ಆ್ಯಪ್ ತೆರೆದು ಫಲಾನುಭವಿ ಎಂದು ಆಯ್ದು, ಮೊಬೈಲ್ ನಂಬರ್ ಹಾಕಿ ಲಾಗಿನ್ ಆಗಿ. ಯೋಜನೆ, ರಾಜ್ಯ, ಜಿಲ್ಲೆ ಆರಿಸಿ ಆಧಾರ್ ಸಂಖ್ಯೆಯಿಂದ ಹುಡುಕಿ. ಹೆಸರಿನ ಎದುರು ಡೌನ್‌ಲೋಡ್ ಗುರುತು ಕಂಡರೆ ಒತ್ತಿ, ಆಧಾರ್ ದೃಢೀಕರಣ ಮುಗಿಸಿದರೆ ಕಾರ್ಡಿನ ಪಿಡಿಎಫ್ ಬರುತ್ತದೆ. ಕಾರ್ಡ್ ಒಬ್ಬೊಬ್ಬರಿಗೂ ಬೇರೆ ಬೇರೆ, ಆದ್ದರಿಂದ ಮನೆಯವರೆಲ್ಲರದನ್ನೂ ಒಮ್ಮೆಗೇ ಇಳಿಸಿಟ್ಟುಕೊಳ್ಳಿ.

ಹೆಚ್ಚಿನವರು ಎಡವುವುದು ಒಟಿಪಿಯಲ್ಲಿ. ಒಟಿಪಿ ಎರಡು ಸಲ ಬರುತ್ತದೆ. ಲಾಗಿನ್‌ಗೆ ಬರುವುದು ನೀವು ಹಾಕಿದ ನಂಬರಿಗೆ. ಎರಡನೆಯದು ಹೋಗುವುದು ಆಧಾರ್‌ಗೆ ಜೋಡಿಸಿದ ನಂಬರಿಗೆ. ಎಂದೋ ಬಿಟ್ಟ ಸಿಮ್ ಇನ್ನೂ ಆಧಾರ್‌ನಲ್ಲಿ ಇದ್ದರೆ ಎಷ್ಟು ಹೊತ್ತು ಕಾದರೂ ಆ ಒಟಿಪಿ ಬಾರದು. ಆಗ ಗ್ರಾಮ ಒನ್ ಕೇಂದ್ರಕ್ಕೆ ಹೋಗಿ ಬೆರಳಚ್ಚು ಕೊಡಿ. ಗಾರೆ ಕೆಲಸದವರ, ಹೊಲದಲ್ಲಿ ದುಡಿಯುವವರ, ವಯಸ್ಸಾದವರ ಬೆರಳಗೆರೆ ಸವೆದಿದ್ದರೆ ಯಂತ್ರ ಹಿಡಿಯುವುದಿಲ್ಲ. ಅಂಥವರು ಮುಖ ಅಥವಾ ಕಣ್ಣಿನ ದೃಢೀಕರಣ ಮಾಡಿಸಿ ಎಂದು ಕೇಳಬೇಕು. ಬೆರಳು ಹಿಡಿಯಲಿಲ್ಲವೆಂದು ಅವರನ್ನು ವಾಪಸ್ ಕಳಿಸುವುದು ಸರಿಯಲ್ಲ.

ಹುಡುಕಿದರೂ ಹೆಸರೇ ಬಾರದಿದ್ದರೆ ರೇಷನ್ ಕಾರ್ಡ್ ನೋಡಿ. ಮದುವೆಯಾಗಿ ಬಂದ ಸೊಸೆಯ ಹೆಸರು ಇನ್ನೂ ತವರಿನ ರೇಷನ್ ಕಾರ್ಡಿನಲ್ಲೇ ಇರಬಹುದು. ಆಧಾರ್‌ನಲ್ಲಿ ‘ಲಕ್ಷ್ಮಮ್ಮ’, ರೇಷನ್ ಕಾರ್ಡಿನಲ್ಲಿ ‘ಲಕ್ಷ್ಮೀದೇವಿ’ ಎಂದಿದ್ದರೂ ತಾಳೆಯಾಗದೆ ಅರ್ಜಿ ತಡೆದು ನಿಲ್ಲುತ್ತದೆ. ಮೊದಲು ಆ ದಾಖಲೆ ತಿದ್ದಿಸಿ. ಇನ್ನೊಂದು ಮಾತು: ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಚಿತ. ಉಳಿದವರಿಗೆ ಸರ್ಕಾರ ಕೊಡುವುದು ಪ್ಯಾಕೇಜ್ ದರದ (ಆಯಾ ಚಿಕಿತ್ಸೆಗೆ ಯೋಜನೆಯಲ್ಲಿ ಗೊತ್ತುಮಾಡಿದ ದರ) ಶೇ 30, ಅದೂ ವರ್ಷಕ್ಕೆ 1.5 ಲಕ್ಷದವರೆಗೆ. ಈ ಮಿತಿ ಇಡೀ ಕುಟುಂಬಕ್ಕೆ ಸೇರಿ, ತಲೆಗೊಂದಲ್ಲ.

ಸೈಬರ್ ಸೆಂಟರ್‌ನಲ್ಲಿ ಪ್ರಿಂಟ್ ಹಾಕಿಸುವಾಗ ಕೊಟ್ಟಿದ್ದು ಯಾವ ಕಾರ್ಡ್ ಎಂದು ಅಲ್ಲೇ ನೋಡಿಕೊಳ್ಳಿ. 14 ಅಂಕಿಯ ಆಭಾ ಕಾರ್ಡ್ ವೈದ್ಯಕೀಯ ದಾಖಲೆ ಇಟ್ಟುಕೊಳ್ಳಲು ಇರುವಂಥದ್ದು, ಅದು ವಿಮೆಯಲ್ಲ. ಅದನ್ನೇ ಆಯುಷ್ಮಾನ್ ಕಾರ್ಡ್ ಎಂದು ನಂಬಿ ಆಸ್ಪತ್ರೆಗೆ ಬಂದು, ಕೌಂಟರ್‌ನಲ್ಲಿ ಕಂಗಾಲಾಗುವ ಮನೆಯವರು ಬಹಳ. ಸಹಕಾರ ಸಂಘದ ಸದಸ್ಯರ ಯಶಸ್ವಿನಿಯೂ ಬೇರೆ, ನೌಕರರ ಇಎಸ್‌ಐಯೂ ಬೇರೆ. ಅವುಗಳ ಕಾರ್ಡ್ ಆಯುಷ್ಮಾನ್ ಆ್ಯಪ್‌ನಲ್ಲಿ ಸಿಗುವುದಿಲ್ಲ.

ರೋಗಿಯನ್ನು ಆಗಲೇ ಆಸ್ಪತ್ರೆಗೆ ತಂದಾಗಿದೆ, ಕಾರ್ಡ್ ಮಾತ್ರ ಇಲ್ಲ ಎಂದಾದರೆ ಅದನ್ನು ಹುಡುಕಲು ಊರಿಗೆ ಓಡಬೇಡಿ. ಆಧಾರ್ ಮತ್ತು ರೇಷನ್ ಕಾರ್ಡ್ ಹಿಡಿದು, ಯೋಜನೆಯ ಸಹಾಯಕ್ಕೆಂದು ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರ ಬಳಿ ಹೋಗಿ, ಅವರು ಅಲ್ಲಿಯೇ ಹೆಸರು ಹುಡುಕಿ ನೋಂದಾಯಿಸುತ್ತಾರೆ. ತುರ್ತಿಲ್ಲದ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆ ಸೇರಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು. ತುರ್ತಿದ್ದರೆ ನೇರವಾಗಿ ಸೇರಬಹುದು. ಕಾರ್ಡ್ ಇಲ್ಲವೆಂದು ಮುಂಗಡ ಕಟ್ಟಿಸಿಕೊಳ್ಳಲು ನೋಡಿದರೆ, ಹಣ ಕೊಡುವ ಮೊದಲೇ ಯೋಜನೆಯ ಸಹಾಯವಾಣಿ 14555ಕ್ಕೆ ಕರೆ ಮಾಡಿ.