ಕಳೆದ ವರ್ಷ 42, ಈ ವರ್ಷ 45: ಮಹಾಪಧಮನಿ ನಿಜಕ್ಕೂ ಹಿಗ್ಗಿದೆಯೇ?

ಪ್ರಶ್ನೆ: ನಮ್ಮ ತಂದೆಗೆ 58 ವರ್ಷ. ಅವರ ಹೃದಯದ ಅಯೋರ್ಟಿಕ್ ಕವಾಟಕ್ಕೆ ಹುಟ್ಟಿನಿಂದಲೇ ಮೂರರ ಬದಲು ಎರಡೇ ಎಸಳು. ಕಳೆದ ವರ್ಷ ಎಕೋ (ಹೃದಯದ ಅಲ್ಟ್ರಾಸೌಂಡ್) ಮಾಡಿದಾಗ ಮಹಾಪಧಮನಿ, ಅಂದರೆ ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ, 42 ಮಿ.ಮೀ. ಅಗಲ ಇದೆ ಎಂದಿದ್ದರು. ಈ ಸಲ ಎಂಆರ್‌ಐ ಮಾಡಿಸಿದೆವು, 45 ಎಂದು ಬಂದಿದೆ. ವರ್ಷಕ್ಕೆ 3 ಮಿ.ಮೀ. ಹಿಗ್ಗಿದರೆ ಆಪರೇಷನ್ ಬೇಕು ಎಂದು ಎಲ್ಲೋ ಓದಿದೆ. ಹೌದೇ?

ಉತ್ತರ: ಇವೆರಡೇ ಅಂಕಿಗಳನ್ನು ಹಿಡಿದುಕೊಂಡು ಹಿಗ್ಗಿದೆ ಎನ್ನಲು ಬರುವುದಿಲ್ಲ. ಹಿಗ್ಗಿಲ್ಲ ಎನ್ನಲೂ ಬರುವುದಿಲ್ಲ. 42 ಬಂದದ್ದು ಎಕೋದಿಂದ, 45 ಎಂಆರ್‌ಐನಿಂದ. ಎರಡೂ ಕಡೆ ಅಳೆದ ಜಾಗ ಒಂದೇ ಆಗಿತ್ತೇ, ಗೋಡೆಯ ಯಾವ ಅಂಚಿನಿಂದ ಯಾವ ಅಂಚಿಗೆ ಅಳೆದರು, ಹೃದಯ ಹಿಂಡುತ್ತಿದ್ದಾಗಲೋ ಸಡಿಲವಾಗಿದ್ದಾಗಲೋ, ಇದು ಯಾವುದೂ ಆ ಅಂಕಿಗಳಲ್ಲಿ ಬರೆದಿಲ್ಲ. ಇಷ್ಟು ವಿಷಯಗಳು ಸೇರಿದರೆ ರಕ್ತನಾಳ ಕೂದಲೆಳೆಯಷ್ಟೂ ಹಿಗ್ಗದೆ 3 ಮಿ.ಮೀ. ವ್ಯತ್ಯಾಸ ಸಲೀಸಾಗಿ ಬಂದುಬಿಡುತ್ತದೆ.

ನೀವು ಓದಿದ ನಿಯಮ ಸುಳ್ಳಲ್ಲ, ಅರ್ಧಕ್ಕೆ ನಿಂತಿದೆ. ಅಮೆರಿಕದ ಹೃದ್ರೋಗ ತಜ್ಞರ ಸಂಘಟನೆಗಳ 2022ರ ಮಾರ್ಗಸೂಚಿ ಹೇಳುವುದು ಹೀಗೆ: ಸತತ ಎರಡು ವರ್ಷ, ವರ್ಷಕ್ಕೆ 3 ಮಿ.ಮೀ. ಅಥವಾ ಅದಕ್ಕಿಂತ ಹೆಚ್ಚು, ಇಲ್ಲವೇ ಒಂದೇ ವರ್ಷದಲ್ಲಿ 5 ಮಿ.ಮೀ. ಅಥವಾ ಹೆಚ್ಚು ಬೆಳೆದದ್ದು ಖಚಿತವಾದರೆ ಶಸ್ತ್ರಚಿಕಿತ್ಸೆ. ‘ಖಚಿತವಾದರೆ’ ಎನ್ನುವಲ್ಲೇ ಎಲ್ಲ ಇರುವುದು. ಬೆಳವಣಿಗೆಯ ಮಾತು ಬಿಟ್ಟು ಬರೀ ಗಾತ್ರ ನೋಡುವುದಾದರೆ ಸಾಮಾನ್ಯ ಗಡಿ 55 ಮಿ.ಮೀ.; ಎರಡೆಸಳಿನ ಕವಾಟದ ಜೊತೆ ಬೇರೆ ಅಪಾಯಗಳೂ ಇದ್ದರೆ, ಅಥವಾ ಮಾರ್ಫಾನ್ ಸಿಂಡ್ರೋಮ್ (ರಕ್ತನಾಳದ ಗೋಡೆಯನ್ನು ದುರ್ಬಲಗೊಳಿಸುವ ಆನುವಂಶಿಕ ಕಾಯಿಲೆ) ಇದ್ದರೆ, 50ಕ್ಕೇ ಯೋಚಿಸುತ್ತಾರೆ.

ಈಗ ಅಂಕಿ ಹುಟ್ಟುವ ಜಾಗಕ್ಕೆ ಬರೋಣ. ಮಹಾಪಧಮನಿ ನೆಟ್ಟಗೆ ನಿಂತ ಕೊಳವೆಯಲ್ಲ. ಹೃದಯದಿಂದ ಹೊರಟ ಕೂಡಲೇ ಬುಡದಲ್ಲಿ ಮೂರು ಉಬ್ಬುಗಳು, ಅಲ್ಲಿಂದ ಬಲಕ್ಕೂ ಮುಂದಕ್ಕೂ ವಾಲಿಕೊಂಡು ಏರುವ ಭಾಗ, ಮೇಲೆ ಕಮಾನು, ಆಮೇಲೆ ಬೆನ್ನುಮೂಳೆಯ ಪಕ್ಕದಲ್ಲಿ ಇಳಿಯುವ ಭಾಗ. ವಾಲಿದ ಕೊಳವೆಯನ್ನು ದೇಹಕ್ಕೆ ಅಡ್ಡಲಾಗಿ ಕತ್ತರಿಸಿದ ಚಿತ್ರದಲ್ಲಿ ಅಳೆದರೆ ಅದು ಓರೆಯಾಗಿ ಹೆಚ್ಚಿದ ಬಾಳೆದಿಂಡಿನ ಬಿಲ್ಲೆಯಂತೆ ಉದ್ದುದ್ದ ಕಾಣುತ್ತದೆ. ಲೆಕ್ಕ ಹಾಕಿ ನೋಡಿ: ನಿಜವಾಗಿ 40 ಮಿ.ಮೀ. ಇರುವ ನಾಳವನ್ನು 20 ಡಿಗ್ರಿ ಓರೆಯಾಗಿ ಕತ್ತರಿಸಿದರೆ ಉದ್ದನೆಯ ಬದಿ 42.6 ಆಗುತ್ತದೆ, 30 ಡಿಗ್ರಿಗೆ 46. ಕುಳಿತಲ್ಲೇ 6 ಮಿ.ಮೀ. ‘ಬೆಳವಣಿಗೆ’.

ಹಾಗಾಗಿ ಸರಿಯಾಗಿ ಅಳೆಯುವ ರೇಡಿಯಾಲಜಿಸ್ಟ್ ಮೊದಲ ಚಿತ್ರದ ಮೇಲೇ ಗೆರೆ ಎಳೆಯುವುದಿಲ್ಲ. ಎದೆಯ ಮೂರು ಆಯಾಮದ ಚಿತ್ರವನ್ನು ಕಂಪ್ಯೂಟರಿನಲ್ಲಿ ಮೂರು ಕಿಟಕಿಗಳಲ್ಲಿ ತೆರೆದು, ಒಂದು ಕಿಟಕಿಯಲ್ಲಿ ಅಡ್ಡಗೆರೆಯನ್ನು ನಾಳದ ಓಟಕ್ಕೆ ಹೊಂದುವಂತೆ ತಿರುಗಿಸುತ್ತಾರೆ, ಎರಡನೆಯದರಲ್ಲೂ ಹಾಗೇ ತಿರುಗಿಸುತ್ತಾರೆ. ಆಗ ಮೂರನೆಯ ಕಿಟಕಿಯಲ್ಲಿ ಮೊಟ್ಟೆಯಾಕಾರದಲ್ಲಿದ್ದ ನಾಳ ಮೆಲ್ಲಗೆ ದುಂಡಗಾಗುತ್ತ ಬರುತ್ತದೆ. ಗೆರೆ ಎಳೆಯುವುದು ಅದರ ಮೇಲೆ. ಎಂಆರ್‌ಐನ ದೊಡ್ಡ ಲಾಭವೇ ಇದು, ಯಾವ ಕೋನಕ್ಕೆ ಬೇಕಾದರೂ ತಿರುಗಿಸಬಹುದು. ಎಕೋದಲ್ಲಿ ಪಕ್ಕೆಲುಬುಗಳ ಸಂದಿಯಿಂದ ಎಷ್ಟು ಕಂಡರೆ ಅಷ್ಟೇ. ಬುಡ ಚೆನ್ನಾಗಿ ಕಾಣುತ್ತದೆ, ಏರುವ ಭಾಗದ ಮೇಲ್ತುದಿ ಎಷ್ಟೋ ಜನರಲ್ಲಿ ಕಾಣುವುದೇ ಇಲ್ಲ. ನಿಮ್ಮ ತಂದೆಯ 42 ಬುಡದ್ದಾಗಿದ್ದು, 45 ಏರುವ ಭಾಗದ್ದಾಗಿದ್ದರೆ ಹೋಲಿಕೆಯ ಪ್ರಶ್ನೆಯೇ ಏಳುವುದಿಲ್ಲ. ಎರಡೆಸಳಿನ ಕವಾಟದವರಲ್ಲಿ ಹೆಚ್ಚಾಗಿ ಹಿಗ್ಗುವುದು ಏರುವ ಭಾಗವೇ.

ಬುಡದಲ್ಲಿ ಇನ್ನೊಂದು ತಕರಾರಿದೆ. ಅಲ್ಲಿ ಅಡ್ಡಕೊಯ್ತ ಮೂರೆಲೆಯ ಹಾಗೆ ಕಾಣುವುದರಿಂದ ಒಂದು ಉಬ್ಬಿನಿಂದ ಇನ್ನೊಂದು ಉಬ್ಬಿಗೆ ಅಳೆಯಬಹುದು, ಉಬ್ಬಿನಿಂದ ಎದುರಿಗೆ ಉಳಿದೆರಡು ಉಬ್ಬುಗಳು ಕೂಡುವ ಸಂಧಿಗೂ ಅಳೆಯಬಹುದು. ಮೊದಲನೆಯದು ಸಾಮಾನ್ಯವಾಗಿ ಒಂದೆರಡು ಮಿ.ಮೀ. ಹೆಚ್ಚು ಬರುತ್ತದೆ. ಎರಡೂ ಸರಿಯೇ. ವರ್ಷದಿಂದ ವರ್ಷಕ್ಕೆ ಬದಲಾಯಿಸಿದರೆ ಮಾತ್ರ ತಪ್ಪು.

ಗೋಡೆಯ ಲೆಕ್ಕವೂ ಹೀಗೇ. ರಕ್ತ ಬೆಳ್ಳಗೆ ಹೊಳೆಯುವ ಎಂಆರ್‌ಐ ಚಿತ್ರಗಳಲ್ಲಿ ಚೆನ್ನಾಗಿ ಕಾಣುವುದು ಒಳಗಿನ ಟೊಳ್ಳು. ರಕ್ತ ಕಪ್ಪಗಿದ್ದು ಗೋಡೆ ಎದ್ದು ಕಾಣುವ ಚಿತ್ರಗಳಲ್ಲಿ ಹೊರ ಅಂಚಿನಿಂದ ಹೊರ ಅಂಚಿಗೂ ಅಳೆಯಬಹುದು. ಎರಡೂ ಬದಿಯ ಗೋಡೆ ಸೇರಿದರೆ ಮತ್ತೆ ಸುಮಾರು 3 ಮಿ.ಮೀ. ವ್ಯತ್ಯಾಸ.

ಇನ್ನು ಮಿಡಿತ. ಹೃದಯ ಹಿಂಡಿದಾಗ ಏರುವ ಭಾಗ ಹಿಗ್ಗುತ್ತದೆ, ಸಡಿಲಾದಾಗ ಕುಗ್ಗುತ್ತದೆ. ಎಳೆಯರಲ್ಲಿ ಈ ಏರಿಳಿತ 2 ಮಿ.ಮೀ. ಆಸುಪಾಸು ಇರುತ್ತದೆ, ವಯಸ್ಸಾದಂತೆ ಗೋಡೆ ಬಿರುಸಾಗಿ ಏರಿಳಿತ ಕಡಿಮೆಯಾಗುತ್ತದೆ. ಅದಕ್ಕೇ ಎದೆಗೆ ಇಸಿಜಿ ಪಟ್ಟಿಗಳನ್ನು ಅಂಟಿಸಿ, ಮಿಡಿತದ ಒಂದೇ ಹಂತಕ್ಕೆ ಹೊಂದಿಸಿ ಚಿತ್ರ ತೆಗೆಯಬೇಕು. ಹಾಗೆ ಹೊಂದಿಸದೆ ಬರೀ ಗ್ಯಾಡೋಲಿನಿಯಂ (ರಕ್ತ ಹೊಳೆದು ಕಾಣುವಂತೆ ಮಾಡುವ ದ್ರವ್ಯ) ಇಂಜೆಕ್ಷನ್ ಕೊಟ್ಟು ತೆಗೆದ ಚಿತ್ರದಲ್ಲಿ ಕಮಾನು, ಇಳಿಯುವ ಭಾಗ ಚೆಂದ ಬರುತ್ತವೆ. ಬುಡ ಮಾತ್ರ ಕಲಸಿಹೋಗಿರುತ್ತದೆ. ಕಲಸಿದ ಅಂಚಿನ ಮೇಲೆ ದಶಮಾಂಶದವರೆಗೆ ಬರೆದ ವರದಿಗಳೂ ಇರುತ್ತವೆ. 44.7 ಎಂದು ನೋಡಿದಾಗ ನೆನಪಿಡಿ: ಚಿತ್ರದ ಒಂದೊಂದು ಚುಕ್ಕಿಯೇ ಸುಮಾರು 1 ರಿಂದ 1.5 ಮಿ.ಮೀ. ಅಗಲ. ಆ ‘.7’ ಕಂಪ್ಯೂಟರಿನ ಉಡುಗೊರೆ.

ಇನ್ನೊಂದು ಬದಿಯಲ್ಲಿ ನಿಜವಾದ ಬೆಳವಣಿಗೆ ಎಷ್ಟಿರುತ್ತದೆ ನೋಡಿ. ಆರೋಗ್ಯವಂತ ವಯಸ್ಕರಲ್ಲಿ ಹತ್ತು ವರ್ಷಕ್ಕೆ ಸುಮಾರು 1 ಮಿ.ಮೀ. ಈಗಾಗಲೇ ಹಿಗ್ಗಿರುವ ನಾಳವೂ ಹೆಚ್ಚಿನವರಲ್ಲಿ ವರ್ಷಕ್ಕೆ 1 ಮಿ.ಮೀ. ಮುಟ್ಟುವುದಿಲ್ಲ. ಒಂದೇ ಚಿತ್ರವನ್ನು ಇಬ್ಬರು ಅನುಭವಿಗಳು ಅಳೆದರೂ 1–2 ಮಿ.ಮೀ. ಆಚೀಚೆ ಆಗುತ್ತದೆ. ಅಂದರೆ ಒಂದು ವರ್ಷದ ಬೆಳವಣಿಗೆ ಅಳತೆಯ ತಪ್ಪಿಗಿಂತ ಚಿಕ್ಕದು. ಇದರಿಂದ ಎರಡು ಬಗೆಯ ಎಡವಟ್ಟು ಆಗುತ್ತದೆ. ಒಂದು ನಿಮ್ಮದು, ಇಲ್ಲದಿರಬಹುದಾದ ಬೆಳವಣಿಗೆ ಕಂಡು ಗಾಬರಿಯಾಗುವುದು. ಇನ್ನೊಂದರ ಬಗ್ಗೆ ಜನ ಅಷ್ಟು ಮಾತಾಡುವುದಿಲ್ಲ, ನನಗೆ ಅದೇ ಹೆಚ್ಚು ಅಪಾಯಕಾರಿ ಅನ್ನಿಸುತ್ತದೆ: ಪ್ರತಿ ವರ್ಷವೂ ಹಿಂದಿನ ವರ್ಷದ ವರದಿಯೊಂದಿಗೆ ಮಾತ್ರ ಹೋಲಿಸಿ, 43ಕ್ಕೆ 44 ಬಂದರೂ ‘ಗಮನಾರ್ಹ ಬದಲಾವಣೆ ಇಲ್ಲ’, 44ಕ್ಕೆ 45 ಬಂದರೂ ‘ಬದಲಾವಣೆ ಇಲ್ಲ’ ಎಂದು ಬರೆಯುತ್ತ ಹೋಗುವುದು. ಐದು ವರ್ಷದ ಹೊತ್ತಿಗೆ 5 ಮಿ.ಮೀ. ಯಾರ ಕಣ್ಣಿಗೂ ಬೀಳದೆ ದಾಟಿಹೋಗಿರುತ್ತದೆ. ಹೋಲಿಸಬೇಕಾದ್ದು ಕೈಯಲ್ಲಿರುವ ಅತ್ಯಂತ ಹಳೆಯ ಸ್ಕ್ಯಾನಿನೊಂದಿಗೆ.

ಆದ್ದರಿಂದ ನೀವು ಮಾಡಬೇಕಾದ ಕೆಲಸ ಸಣ್ಣದು. ಈಗಿನ ಎಂಆರ್‌ಐ ಮತ್ತು ಹಿಂದಿನ ಎಕೋ ಎರಡರ ಸಿಡಿ ತೆಗೆದುಕೊಳ್ಳಿ. ಫಿಲ್ಮ್ ಸಾಲದು, ಅದರ ಮೇಲೆ ಕೋನ ತಿರುಗಿಸಿ ಅಳೆಯಲಾಗದು. ಹಿಂದೆ ಯಾವಾಗಲಾದರೂ ಎದೆಯ ಸಿಟಿ ಆಗಿದ್ದರೆ, ಕೋವಿಡ್ ಕಾಲದಲ್ಲಿ ಬಹಳ ಮಂದಿಗೆ ಆಗಿತ್ತು, ಅದರ ಸಿಡಿಯನ್ನೂ ಹುಡುಕಿ. ಮಹಾಪಧಮನಿ ನೋಡಲೆಂದು ಮಾಡಿದ್ದಲ್ಲದಿದ್ದರೂ ಏರುವ ಭಾಗದ ಅಂದಾಜು ಅದರಲ್ಲಿ ಸಿಗುತ್ತದೆ. ಒಬ್ಬರೇ ರೇಡಿಯಾಲಜಿಸ್ಟ್ ಹಳತನ್ನೂ ಹೊಸತನ್ನೂ ಅಕ್ಕಪಕ್ಕ ಇಟ್ಟು, ಒಂದೇ ಜಾಗದಲ್ಲಿ, ಒಂದೇ ವಿಧಾನದಲ್ಲಿ ಮತ್ತೆ ಅಳೆಯಲಿ. ಇನ್ನು ಮುಂದೆ ಆದಷ್ಟು ಅದೇ ಕೇಂದ್ರದಲ್ಲಿ ಅದೇ ಬಗೆಯ ಸ್ಕ್ಯಾನ್ ಮಾಡಿಸಿ. ಎಂಆರ್‌ಐನಲ್ಲಿ ವಿಕಿರಣವಿಲ್ಲ, ಎಷ್ಟು ಸಲ ಬೇಕಾದರೂ ಆಗಬಹುದು. ಇಂಜೆಕ್ಷನ್ ಇಲ್ಲದೆಯೂ ಅಳತೆಗೆ ಸಾಲುವ ಚಿತ್ರ ಬರುತ್ತದೆ. ಮುಂದಿನದು ಯಾವಾಗ ಎಂಬುದನ್ನು ಆ ಮರು ಅಳತೆ ನೋಡಿ ನಿಮ್ಮ ಹೃದ್ರೋಗ ತಜ್ಞರು ಹೇಳುತ್ತಾರೆ.

ತಂದೆಯವರ ಎತ್ತರ ಎಷ್ಟೆಂದು ನೀವು ಬರೆದಿಲ್ಲ. ಅದೂ ಮುಖ್ಯ. ಆರಡಿ ಆಳಿಗೆ 45 ಬೇರೆ, ಐದಡಿಯವರಿಗೆ 45 ಬೇರೆ. ಅದೇ ಮಾರ್ಗಸೂಚಿ ನಾಳದ ಅಡ್ಡಕೊಯ್ತದ ವಿಸ್ತೀರ್ಣವನ್ನು ಚದರ ಸೆಂ.ಮೀ.ನಲ್ಲಿ ತೆಗೆದುಕೊಂಡು, ಮೀಟರಿನಲ್ಲಿರುವ ಎತ್ತರದಿಂದ ಭಾಗಿಸಿ, 10 ಮುಟ್ಟಿದರೆ ಶಸ್ತ್ರಚಿಕಿತ್ಸೆಯನ್ನು ಪರಿಗಣಿಸಬಹುದು ಎನ್ನುತ್ತದೆ. 45 ಮಿ.ಮೀ. ನಾಳದ ವಿಸ್ತೀರ್ಣ 15.9. ಎತ್ತರ 1.75 ಮೀಟರ್ ಇದ್ದರೆ ಉತ್ತರ 9.1, 1.52 ಮೀಟರ್ ಇದ್ದರೆ 10.5. ಕುಳ್ಳಗಿನ ಹೆಂಗಸರ ವಿಷಯದಲ್ಲಿ ‘55 ಆಗಲಿ ನೋಡೋಣ’ ಎನ್ನುವುದು ಸರಿಯಲ್ಲ ಎನ್ನಲು ಇದೇ ಕಾರಣ. ಗಾತ್ರವೊಂದೇ ಎಲ್ಲವನ್ನೂ ಹೇಳುವುದೂ ಇಲ್ಲ: ಮಹಾಪಧಮನಿ ಸೀಳಿದ ರೋಗಿಗಳ ಅಂತರರಾಷ್ಟ್ರೀಯ ದಾಖಲೆಯಲ್ಲಿ, ಏರುವ ಭಾಗ ಸೀಳಿದವರ ಪೈಕಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ನಾಳ 55ಕ್ಕಿಂತ ಕಡಿಮೆಯೇ ಇತ್ತು. ಬಿಪಿ ಹತೋಟಿಯಲ್ಲಿರಲಿ, ಬೀಡಿ ಸಿಗರೇಟು ಇದ್ದರೆ ನಿಲ್ಲಲಿ. ಜ್ವರ, ಭೇದಿ ಎಂದು ಅಂಗಡಿಯಿಂದ ಸಿಪ್ರೋಫ್ಲಾಕ್ಸಾಸಿನ್ ಎಂಬ ಆ್ಯಂಟಿಬಯೋಟಿಕ್ ತಂದು ನುಂಗುವುದು ಬೇಡ. ಮಹಾಪಧಮನಿ ಹಿಗ್ಗಿದವರಿಗೆ ಬೇರೆ ದಾರಿಯಿದ್ದರೆ ಆ ಗುಂಪಿನ ಮಾತ್ರೆಗಳನ್ನು ಕೊಡಬಾರದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2018ರಲ್ಲೇ ಎಚ್ಚರಿಸಿದೆ. ಎದೆಯಲ್ಲೋ ಬೆನ್ನಲ್ಲೋ ಹಠಾತ್ತಾಗಿ ಸೀಳಿದಂಥ ನೋವು ಬಂದರೆ ಎಂಆರ್‌ಐ ದಿನಾಂಕಕ್ಕೆ ಕಾಯದೆ ಸಿಟಿ ಇರುವ ಆಸ್ಪತ್ರೆಗೆ ಓಡಬೇಕು.

ನೀವು ಕೇಳದಿದ್ದರೂ ಒಂದು ವಿಷಯ ಹೇಳುತ್ತೇನೆ. ಎರಡೆಸಳಿನ ಕವಾಟ ಕುಟುಂಬಗಳಲ್ಲಿ ಹರಿದು ಬರುವುದುಂಟು. ತಂದೆಯವರ ಮಹಾಪಧಮನಿಯೂ ಹಿಗ್ಗಿರುವುದರಿಂದ ನೀವು, ನಿಮ್ಮ ಒಡಹುಟ್ಟಿದವರು, ತಂದೆಯವರ ಒಡಹುಟ್ಟಿದವರು ಎಲ್ಲರೂ ಒಂದೊಂದು ಎಕೋ ಮಾಡಿಸಿಕೊಳ್ಳಿ.