ಅಲೆಯ ಅಳತೆಗೆ ಕಟ್ಟಿದ ಕಂಬ

ಪೋಲೆಂಡಿನ ಅತಿ ಎತ್ತರದ ಕಟ್ಟಡ ಯಾವುದು ಅಂತ ಕೇಳಿದರೆ ಈಗ ಸಿಗುವ ಉತ್ತರ ವಾರ್ಸಾದ ವಾರ್ಸೊ ಟವರ್. 2022ರಲ್ಲಿ ಪೂರ್ತಿಯಾದ ಇದರ ಎತ್ತರ 310 ಮೀಟರ್. ಚಾವಣಿ ಇರುವುದು ಮಾತ್ರ 230 ಮೀಟರಿಗೆ, ಮೇಲಿನ 80 ಮೀಟರ್ ಬರೀ ಶಿಖರ. ಅದಕ್ಕೂ ಮುಂಚೆ ಆ ಪಟ್ಟ ಇದ್ದದ್ದು ಸೋವಿಯತ್ ಒಕ್ಕೂಟ ಉಡುಗೊರೆಯಾಗಿ ಕಟ್ಟಿಕೊಟ್ಟ ಸಂಸ್ಕೃತಿ ಮತ್ತು ವಿಜ್ಞಾನ ಅರಮನೆಗೆ. 1955ರ ಕಟ್ಟಡ, ಶಿಖರವೂ ಸೇರಿ 237 ಮೀಟರ್. ಎರಡೂ, ಊರಿನ ಯಾವ ಮೂಲೆಯಿಂದ ನೋಡಿದರೂ ಕಾಣಲಿ ಅಂತಲೇ ಎದ್ದು ನಿಂತಿರುವ ಕಟ್ಟಡಗಳು.

ಆದರೆ ಪೋಲೆಂಡ್ ಕಟ್ಟಿದ ಅತಿ ಎತ್ತರದ ವಸ್ತು ಇವೆರಡನ್ನೂ ಒಂದರ ಮೇಲೊಂದು ಇಟ್ಟರೂ ಸಿಗದಷ್ಟು ಎತ್ತರ ಇತ್ತು. 646 ಮೀಟರ್! ವಾರ್ಸಾದಿಂದ ಪಶ್ಚಿಮಕ್ಕೆ, ಗೊಂಬಿನ್ ಎಂಬ ಸಣ್ಣ ಊರಿನ ಹತ್ತಿರ ಕೊನ್‌ಸ್ಟಾಂಟಿನುಫ್ ಅನ್ನುವ ಹಳ್ಳಿಯಲ್ಲಿ ನಿಂತಿದ್ದ ರೇಡಿಯೋ ಕಂಬ ಅದು. 1974ರಿಂದ 1991ರವರೆಗೆ ಜಗತ್ತಿನಲ್ಲಿ ಅದಕ್ಕಿಂತ ಎತ್ತರದ್ದು ಏನೂ ಇರಲಿಲ್ಲ. ಅದರ ಎತ್ತರವನ್ನು ಮೀರಿದ್ದು 2008ರಲ್ಲಿ, ಇನ್ನೂ ಕಟ್ಟುತ್ತಿದ್ದ ದುಬೈನ ಬುರ್ಜ್ ಖಲೀಫಾ.

ಇದನ್ನು ಕೇಳಿದ ತಕ್ಷಣ ತುಂಬ ಜನ ಹೇಳುವುದು, 'ಕಮ್ಯುನಿಸ್ಟ್ ಸರ್ಕಾರದ ಬಡಾಯಿ, ಅಷ್ಟೇ' ಅಂತ. ಪ್ರಸಾರ ಶುರುವಾದ ದಿನ ಜುಲೈ 22, ಆಗಿನ ಪೋಲೆಂಡಿನ ರಾಷ್ಟ್ರೀಯ ದಿನ. ಹಾಗಾಗಿ ಹೆಮ್ಮೆ ಇದ್ದದ್ದು ನಿಜ. ಆದರೆ 646 ಎಂಬ ಸಂಖ್ಯೆ ಯಾವ ನಾಯಕನ ತಲೆಯಿಂದಲೂ ಬಂದದ್ದಲ್ಲ. ಅದು ಬಂದದ್ದು ಒಂದು ಭಾಗಾಕಾರದಿಂದ. ನನಗೆ ಈ ಕಂಬದ ಬಗ್ಗೆ ಇಷ್ಟೊಂದು ಪ್ರೀತಿ ಇರುವುದೂ ಅದಕ್ಕೇ.

ಪೋಲೆಂಡಿನ ಮುಖ್ಯ ರೇಡಿಯೋ ವಾಹಿನಿ 227 ಕಿಲೋಹರ್ಟ್ಜ್‌ನಲ್ಲಿ, ಅಂದರೆ ಸೆಕೆಂಡಿಗೆ 2,27,000 ಅಲೆಗಳಂತೆ ಪ್ರಸಾರವಾಗುತ್ತಿತ್ತು. ರೇಡಿಯೋ ಅಲೆ ಓಡುವುದು ಬೆಳಕಿನ ವೇಗದಲ್ಲೇ. ಆ ವೇಗವನ್ನು ಈ ಸಂಖ್ಯೆಯಿಂದ ಭಾಗಿಸಿ. ಒಂದು ಅಲೆಯ ಉದ್ದ ಸುಮಾರು 1,321 ಮೀಟರ್. ಅದರ ಅರ್ಧ ಸುಮಾರು 660. ಉಕ್ಕಿನ ಕಂಬದಲ್ಲಿ ಅಲೆ ಖಾಲಿ ಗಾಳಿಯಲ್ಲಿ ಓಡಿದಷ್ಟು ಜೋರಾಗಿ ಓಡುವುದಿಲ್ಲ, ಆದ್ದರಿಂದ ಕಂಬ ಅದಕ್ಕಿಂತ ಸ್ವಲ್ಪ ಗಿಡ್ಡ ಇದ್ದರೆ ಸರಿಹೋಗುತ್ತದೆ. ಅಲ್ಲಿಗೆ 646! ಆಂಟೆನಾವನ್ನು ಮೇಲೆ ಹಿಡಿದು ನಿಲ್ಲಿಸಲು ಕಟ್ಟಿದ ಕಂಬ ಅಲ್ಲ ಇದು. ಬುಡದಿಂದ ತುದಿಯವರೆಗೆ ಇಡೀ ಕಂಬವೇ ಆಂಟೆನಾ.

ಕಾಲು ಅಲೆಯಷ್ಟು, ಅಂದರೆ 330 ಮೀಟರ್ ಕಟ್ಟಿದ್ದರೆ ಸಾಕಾಗುತ್ತಿರಲಿಲ್ಲವಾ? ಕೆಲಸ ನಡೆಯುತ್ತಿತ್ತು. ಆದರೆ ರಾತ್ರಿ ಹಳೆಯ ರೇಡಿಯೋ ಕೇಳಿದವರಿಗೆ ಒಂದು ತೊಂದರೆ ಗೊತ್ತಿರುತ್ತದೆ. ಧ್ವನಿ ಜೋರಾಗುತ್ತದೆ, ಕುಗ್ಗುತ್ತದೆ, ಮತ್ತೆ ಜೋರಾಗುತ್ತದೆ. ಸೆಟ್ಟಿನಲ್ಲಿ ಏನೂ ದೋಷ ಇರುವುದಿಲ್ಲ. ಒಂದೇ ಕಾರ್ಯಕ್ರಮ ಎರಡು ದಾರಿಯಲ್ಲಿ ಬರುತ್ತಿರುತ್ತದೆ. ಒಂದು ನೆಲವನ್ನು ಅಪ್ಪಿಕೊಂಡು ಬರುವ ಅಲೆ, ಇನ್ನೊಂದು ಮೇಲೆ ಹೋಗಿ ಅಯಾನುಗೋಳಕ್ಕೆ, ಅಂದರೆ ವಾತಾವರಣದ ಮೇಲ್ಭಾಗದಲ್ಲಿರುವ ವಿದ್ಯುತ್ ಕಣಗಳ ಪದರಕ್ಕೆ, ತಗುಲಿ ಕೆಳಗಿಳಿಯುವ ಅಲೆ. ಹಗಲಿನಲ್ಲಿ ಅಯಾನುಗೋಳದ ಕೆಳಪದರ ಮೇಲೆ ಹೋದದ್ದನ್ನು ಬಹುಮಟ್ಟಿಗೆ ನುಂಗಿಬಿಡುತ್ತದೆ. ಸೂರ್ಯ ಮುಳುಗಿದರೆ ಆ ಪದರ ಕರಗುತ್ತದೆ, ಎರಡೂ ಅಲೆಗಳು ಒಂದೇ ರೇಡಿಯೋಗೆ ಬಂದು ಸೇರುತ್ತವೆ. ಉಬ್ಬು ಉಬ್ಬು ಕೂಡಿದಾಗ ಧ್ವನಿ ಜೋರು. ಉಬ್ಬು ತಗ್ಗು ಕೂಡಿದಾಗ ಧ್ವನಿ ಮಾಯ.

ಇದಕ್ಕೆ ಮದ್ದು, ಮೇಲಕ್ಕೆ ಹೋಗುವ ಪಾಲನ್ನೇ ಕಮ್ಮಿ ಮಾಡುವುದು. ಅರ್ಧ ಅಲೆಯ ಕಂಬ ಅದನ್ನೇ ಮಾಡುತ್ತದೆ. ಕಂಬದ ಬೇರೆಬೇರೆ ಭಾಗಗಳಿಂದ ಹೊರಡುವ ಅಲೆಗಳು ಓರೆಯಾಗಿ ಮೇಲೆ ಹೋಗುವಾಗ ಒಂದನ್ನೊಂದು ಕಡಿದುಕೊಳ್ಳುತ್ತವೆ. ನೆಲದ ಉದ್ದಕ್ಕೆ ಹೋಗುವಾಗ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಚಪಾತಿ ಹಿಟ್ಟಿನ ಉಂಡೆಯನ್ನು ಅಂಗೈಯಿಂದ ಒತ್ತಿದಂತೆ. ಹಿಟ್ಟು ಅಷ್ಟೇ ಇರುತ್ತದೆ, ಎತ್ತರ ಹೋಗಿ ಅಗಲ ಬರುತ್ತದೆ. ಅಲ್ಲಿದ್ದ ಟ್ರಾನ್ಸ್‌ಮಿಟರುಗಳ ಒಟ್ಟು ಶಕ್ತಿ 2,000 ಕಿಲೋವಾಟ್. ಅಷ್ಟನ್ನೂ ನೆಲದ ಕಡೆಗೆ ಒತ್ತಿದ್ದರಿಂದ ಯೂರೋಪಿನ ಉದ್ದಗಲಕ್ಕೂ ಹರಡಿದ್ದ ಪೋಲಿಷ್ ಜನರಿಗೆ ಊರಿನ ಮಾತು ಕೇಳಿಸುತ್ತಿತ್ತು. ನಮ್ಮಲ್ಲಿ ಇಂಥ ಕಂಬ ಯಾಕಿಲ್ಲ ಅಂದರೆ ಭಾರತದಲ್ಲಿ ಲಾಂಗ್ ವೇವ್, ಅಂದರೆ ಇಷ್ಟು ಉದ್ದದ ಅಲೆಯ ಪ್ರಸಾರವೇ ಇಲ್ಲ. ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಜ್ ಅದಕ್ಕಿಂತ ಗಿಡ್ಡ ಅಲೆಯ ಮೀಡಿಯಂ ವೇವ್. ಅದರ ಅರ್ಧ ಅಲೆ 245 ಮೀಟರಿಗೇ ಮುಗಿಯುತ್ತದೆ.

ಅರ್ಧ ಅಲೆಯ ಆಂಟೆನಾದಲ್ಲಿ ಕರೆಂಟು ಜಾಸ್ತಿ ಇರುವುದು ನಡುವೆ, ವೋಲ್ಟೇಜು ಜಾಸ್ತಿ ಇರುವುದು ಎರಡೂ ತುದಿಗಳಲ್ಲಿ. ಕೆಳಗಿನ ತುದಿ ಅಂದರೆ ಕಂಬದ ಬುಡವೇ. ಅಲ್ಲಿ 1,20,000 ವೋಲ್ಟ್! ಹಾಗಾಗಿ ವಿನ್ಯಾಸಕಾರ ಯಾನ್ ಪೊಲಾಕ್ ಈ ಕಂಬವನ್ನು ನೆಲಕ್ಕೆ ನೆಡುವ ಹಾಗೇ ಇರಲಿಲ್ಲ. 420 ಟನ್ ಉಕ್ಕು ನಿಂತದ್ದು ಕರೆಂಟು ನೆಲಕ್ಕೆ ಹರಿಯದಂತೆ ತಡೆಯುವ, 2 ಮೀಟರ್ ಎತ್ತರದ ಒಂದು ಇನ್ಸುಲೇಟರಿನ ಮೇಲೆ. ಕಂಬದ ಅಡ್ಡಕೊಯ್ತ ತ್ರಿಕೋನ, ಒಂದೊಂದು ಬದಿ 4.8 ಮೀಟರ್. ಒಳಗೆ ಲಿಫ್ಟ್ ಇತ್ತು. ತುದಿ ಮುಟ್ಟಲು ಸುಮಾರು ಅರ್ಧ ಗಂಟೆ ಬೇಕು.

ಅಗಲಕ್ಕಿಂತ 130 ಪಟ್ಟಿಗೂ ಮಿಕ್ಕಿ ಎತ್ತರ ಇರುವ ಕಂಬ ತಾನಾಗಿ ನಿಲ್ಲುವುದಿಲ್ಲ. ಐದು ಮಟ್ಟಗಳಲ್ಲಿ ಮೂರು ಮೂರು ದಿಕ್ಕಿಗೆ, ಒಟ್ಟು 15 ಸ್ಟೇ ವೈರುಗಳು ಅದನ್ನು ಎಳೆದು ಹಿಡಿದಿದ್ದವು. ಮೂರೂ ಕಡೆಯ ಎಳೆತ ಸಮ ಇದ್ದರೆ ಕಂಬ ನೆಟ್ಟಗೆ. ಒಂದು ಕಡೆ ಸಡಿಲವಾದರೆ, ಅಲ್ಲಿಯವರೆಗೆ ಕಾಪಾಡುತ್ತಿದ್ದ ಉಳಿದ ಎರಡೇ ಅದನ್ನು ಬಾಗಿಸಲು ಶುರು ಮಾಡುತ್ತವೆ.

1991ರ ಆಗಸ್ಟ್ 8ರ ಸಂಜೆ ಆದದ್ದು ಅದೇ. ಅತಿ ಮೇಲಿನ ಮಟ್ಟದ, ಸುಮಾರು 595 ಮೀಟರ್ ಎತ್ತರದ ಸ್ಟೇ ವೈರುಗಳನ್ನು ಬದಲಾಯಿಸುವ ಕೆಲಸ ನಡೆದಿತ್ತು. ಬದಲಾಯಿಸುವಾಗ ತಪ್ಪಾಯಿತು. ಕಂಬ ಮೊದಲು ಬಾಗಿತು, ಆಮೇಲೆ ಹೆಚ್ಚುಕಮ್ಮಿ ನಡುವೆ ಮುರಿಯಿತು. ಯಾರ ಜೀವಕ್ಕೂ ಅಪಾಯ ಆಗಲಿಲ್ಲ. ಹದಿನೇಳು ವರ್ಷ ಗಾಳಿ ಮಳೆ ಹಿಮ ತಡೆದ ಕಂಬ ಬಿದ್ದದ್ದು ದುರಸ್ತಿಯ ಹೊತ್ತಿನಲ್ಲಿ. ಇದು ನನಗೆ ಇಂದಿಗೂ ಸಂಕಟದ ಸಂಗತಿ.

ಮತ್ತೆ ಕಟ್ಟಲು ಸರ್ಕಾರ ಹೊರಟಿತು. ಸುತ್ತಲಿನ ಜನ ಬೇಡವೆಂದರು. ಈ ಅಲೆಗಳು ಮೈಗೆ ಕೆಟ್ಟದ್ದು ಎಂಬ ಹೆದರಿಕೆ ಅವರದು. ಇಲ್ಲಿ ಎರಡು ವಿಷಯ ಬೇರೆ ಮಾಡಿ ನೋಡಬೇಕು. ಇಷ್ಟು ಶಕ್ತಿಯ ಕಂಬದ ತೀರಾ ಹತ್ತಿರ ಅಪಾಯ ನಿಜವಾಗಿಯೂ ಇದೆ. ಉದ್ದದ ತಂತಿಬೇಲಿಯಲ್ಲಿ ಕರೆಂಟು ಹುಟ್ಟುತ್ತದೆ, ಮುಟ್ಟಿದರೆ ಶಾಕ್ ಹೊಡೆಯುತ್ತದೆ. ಆದರೆ ಈ ಅಲೆ ಎಕ್ಸ್-ರೇಯಂತೆ ದೇಹದ ಅಣುಗಳನ್ನು ಒಡೆಯುತ್ತದೆ ಅನ್ನುವುದು ಸುಳ್ಳು. ಕಣ್ಣಿಗೆ ಕಾಣುವ ಬೆಳಕಿನ ಒಂದು ಕಣದಲ್ಲಿ ಈ ಅಲೆಯ ಒಂದು ಕಣಕ್ಕಿಂತ ಸುಮಾರು 200 ಕೋಟಿ ಪಟ್ಟು ಜಾಸ್ತಿ ಶಕ್ತಿ ಇದೆ. ಇದನ್ನು ಆ ಹಳ್ಳಿಯವರ ಮುಂದೆ ಕೂತು ಸಮಾಧಾನವಾಗಿ, ಹತ್ತಿರದ ಅಪಾಯವನ್ನೂ ಮುಚ್ಚಿಡದೆ ಹೇಳಬೇಕು. ವಿಕಿರಣ ಎಂಬ ಒಂದೇ ಪದದ ಕೆಳಗೆ ಎಲ್ಲವನ್ನೂ ತುರುಕಿದರೆ ಹೆದರಿಕೆ ಬೆಳೆಯುತ್ತದೆ, ಅಷ್ಟೇ.

ಕಡೆಗೆ ವಾರ್ಸಾ ಬಳಿಯ ರಾಶಿನ್‌ನಲ್ಲಿದ್ದ ಹಳೆಯ 335 ಮೀಟರ್ ಕಂಬ ಕೆಲವು ವರ್ಷ ಈ ಪ್ರಸಾರವನ್ನು ಹೊತ್ತಿತು. 1999ರಲ್ಲಿ ಸೊಲೆಟ್ಸ್ ಕುಯಾವ್‌ಸ್ಕಿಯಲ್ಲಿ 330 ಮತ್ತು 289 ಮೀಟರಿನ ಎರಡು ಹೊಸ ಕಂಬಗಳು ಬಂದವು. ಆ ಹೊತ್ತಿಗೆ ಪ್ರಸಾರ 225 ಕಿಲೋಹರ್ಟ್ಜ್‌ಗೆ ಸರಿದಿತ್ತು. ಅಲೆಯ ಉದ್ದ 1,333 ಮೀಟರ್. ನಾಲ್ಕರಿಂದ ಭಾಗಿಸಿ ನೋಡಿ, ದೊಡ್ಡ ಕಂಬದ ಎತ್ತರ ಎಲ್ಲಿಂದ ಬಂತು ಅಂತ ಗೊತ್ತಾಗುತ್ತದೆ.

ಈಗ ಪೋಲೆಂಡಿನಲ್ಲಿ ಎಲ್ಲಕ್ಕಿಂತ ಎತ್ತರ ಇರುವುದು ಓಲ್‌ಶ್ಟಿನ್ ಬಳಿಯ ಟಿವಿ ಕಂಬ, ಸುಮಾರು 360 ಮೀಟರ್. ಅಲ್ಲಿ ಮಾತ್ರ ಈ ಲೆಕ್ಕ ನಡೆಯುವುದಿಲ್ಲ. ಟಿವಿಯ ಅಲೆ ಹೆಚ್ಚೆಂದರೆ ಕೆಲವೇ ಮೀಟರ್ ಉದ್ದ, ಅದು ನೆಲ ಅಪ್ಪಿಕೊಂಡು ದೂರ ಹೋಗುವುದಿಲ್ಲ. ಹಾಗಾಗಿ ಸಣ್ಣ ಆಂಟೆನಾವನ್ನು ಎತ್ತರಕ್ಕೆ ಏರಿಸಿ ದೂರದವರೆಗೆ ಕಾಣುವಂತೆ ಇಡಬೇಕು. 360 ಮೀಟರಿನಿಂದ ಭೂಮಿಯ ಅಂಚು ಸುಮಾರು 68 ಕಿಲೋಮೀಟರ್ ದೂರದಲ್ಲಿರುತ್ತದೆ. ಆ ಕಂಬದ ಎತ್ತರಕ್ಕೆ ಕಾರಣ ಭೂಮಿಯ ಗುಂಡು ಆಕಾರ.