ನೋಂದಣಿಯಾದ ಮನೆಯೂ ಕೋರ್ಟು ಹತ್ತುವುದೇಕೆ?

2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ತಮಿಳುನಾಡಿನ ಒಂದು ನೋಂದಣಿ ನಿಯಮವನ್ನು ರದ್ದು ಮಾಡಿತು. ಮಾರುವವರು ತಮ್ಮ ಹಕ್ಕಿನ ಮೂಲಪತ್ರ ತೋರಿಸದಿದ್ದರೆ ಕ್ರಯಪತ್ರ ನೋಂದಾಯಿಸಬೇಡಿ ಎಂದು ಆ ನಿಯಮ ಸಬ್ ರಿಜಿಸ್ಟ್ರಾರರಿಗೆ ಹೇಳುತ್ತಿತ್ತು. ಕೊಳ್ಳುವವರ ಪಾಲಿಗೆ ಒಳ್ಳೆಯ ನಿಯಮವೇ ಅಲ್ಲವೇ ಎಂದು ಯಾರಿಗಾದರೂ ಅನ್ನಿಸುತ್ತದೆ. ಕೋರ್ಟು ಕಂಡದ್ದು ಬೇರೆ. ಮಾರುವವನಿಗೆ ಹಕ್ಕಿದೆಯೇ ಎಂದು ವಿಚಾರಿಸುವ ಅಧಿಕಾರವನ್ನು 1908ರ ನೋಂದಣಿ ಕಾಯ್ದೆ ಸಬ್ ರಿಜಿಸ್ಟ್ರಾರರಿಗೆ ಕೊಟ್ಟೇ ಇಲ್ಲ. ಹಕ್ಕಿಲ್ಲದವನು ಬರೆದುಕೊಟ್ಟ ಪತ್ರವೂ ನೋಂದಣಿಯಾಗಬಹುದು. ಕೊಂಡವನಿಗೆ ಅದರಿಂದ ಏನೂ ದಕ್ಕುವುದಿಲ್ಲ, ಅಷ್ಟೆ.

ಮುದ್ರಾಂಕ ಶುಲ್ಕ ಕಟ್ಟಿ, ಹೆಬ್ಬೆಟ್ಟು ಒತ್ತಿ, ಕ್ಯಾಮೆರಾ ಮುಂದೆ ಕೂತು ಎದ್ದು ಬಂದವರಿಗೆ ಈ ಮಾತು ಅರಗುವುದು ಕಷ್ಟ. ಸರ್ಕಾರಿ ಕಚೇರಿಯಲ್ಲಿ, ಸರ್ಕಾರದ ಮೊಹರು ಬಿದ್ದ ಮೇಲೆ ಮನೆ ತನ್ನದಾಯಿತೆಂದು ಜನ ನಂಬುತ್ತಾರೆ. ಆದರೆ ನಮ್ಮಲ್ಲಿ ಸರ್ಕಾರ ಅಂಥ ಭರವಸೆಯನ್ನು ಯಾವ ಕಾಲದಲ್ಲೂ ಕೊಟ್ಟಿಲ್ಲ. ಇದಕ್ಕೆ ಕಾರಣ ಹುಡುಕಲು ಕಂಪನಿ ಸರ್ಕಾರದ ಕಾಲಕ್ಕೇ ಹೋಗಬೇಕು.

ಆಗಿನ ಆಡಳಿತಕ್ಕೆ ಬೇಕಾಗಿದ್ದುದು ಕಂದಾಯ. ಯಾವ ಜಮೀನಿನ ತೀರ್ವೆಯನ್ನು ಯಾರಿಂದ ವಸೂಲು ಮಾಡಬೇಕು ಎಂಬುದಕ್ಕೆ ಅಳತೆ ನಡೆಯಿತು, ದಫ್ತರಗಳು ಹುಟ್ಟಿದವು. ಕಟ್ಟುವವನು ನಿಜವಾದ ಮಾಲೀಕನೇ ಎಂಬ ಜಿಜ್ಞಾಸೆಗೆ ಅಲ್ಲಿ ಜಾಗವಿರಲಿಲ್ಲ. ಇಂದಿನ ಪಹಣಿ ಆ ವಂಶದ್ದೇ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ ಪ್ರಕಾರ ಪಹಣಿಯ ನಮೂದು ಸರಿಯೆಂದು ಭಾವಿಸಿಕೊಳ್ಳಬೇಕು, ಅದು ತಪ್ಪೆಂದು ಯಾರಾದರೂ ಸಾಬೀತು ಮಾಡುವವರೆಗೆ ಮಾತ್ರ. ಪಟ್ಟಣದ ಖಾತೆಯ ಕಥೆಯೂ ಹೀಗೆಯೇ. ಆಸ್ತಿ ತೆರಿಗೆ ಯಾರ ಹೆಸರಿಗೆ ಎಂದು ಅದು ಹೇಳುತ್ತದೆ. ಖಾತೆ ನನ್ನ ಹೆಸರಿಗಿದೆ ಎಂದು ಎದೆ ತಟ್ಟಿಕೊಂಡವರನ್ನು ಕೋರ್ಟುಗಳು ಎಷ್ಟೋ ಸಲ ಬರಿಗೈಯಲ್ಲಿ ಕಳಿಸಿವೆ.

ನೋಂದಣಿ ಬಂದದ್ದು ಇನ್ನೊಂದು ದಾರಿಯಿಂದ. ಸುಳ್ಳು ಪತ್ರ, ಹಿಂದಿನ ತಾರೀಖು ಹಾಕಿದ ಪತ್ರಗಳ ಹಾವಳಿ ತಡೆಯುವುದು ಅದರ ಉದ್ದೇಶ. 1864ರ ಕಾಯ್ದೆ ಕೆಲವು ಬಗೆಯ ಪತ್ರಗಳಿಗೆ ನೋಂದಣಿ ಕಡ್ಡಾಯ ಮಾಡಿತು. 1882ರ ಸ್ವತ್ತು ವರ್ಗಾವಣೆ ಕಾಯ್ದೆ ನೂರು ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ಬೆಲೆಯ ಸ್ಥಿರಾಸ್ತಿಯನ್ನು ಮಾರಲು ನೋಂದಾಯಿತ ಪತ್ರ ಬೇಕೆಂದಿತು. ಇಂಥ ದಿನ, ಇಂಥವರು, ಇಂಥವರಿಗೆ ಹೀಗೆ ಬರೆದುಕೊಟ್ಟರು ಎಂಬುದಕ್ಕೆ ನೋಂದಣಿ ಸಾಕ್ಷಿ. ಬರೆದದ್ದು ನಿಜವೇ ಎಂಬುದಕ್ಕಲ್ಲ.

ಬೇರೆ ಹಾದಿ ಇರಲಿಲ್ಲವೆಂದಲ್ಲ. ಅಡಿಲೇಡಿನಲ್ಲಿ ಸುಂಕದ ಅಧಿಕಾರಿಯಾಗಿದ್ದ ರಾಬರ್ಟ್ ಟಾರೆನ್ಸ್ ಎಂಬಾತ ಹಡಗುಗಳ ಒಡೆತನ ರಿಜಿಸ್ಟರಿನ ಒಂದು ನಮೂದಿನಿಂದ ತೀರ್ಮಾನವಾಗುವುದನ್ನು ಬಲ್ಲವನು. ಜಮೀನಿಗೂ ಅದನ್ನೇ ಏಕೆ ಮಾಡಬಾರದೆಂದು ಹಟ ಹಿಡಿದ. 1858ರಲ್ಲಿ ದಕ್ಷಿಣ ಆಸ್ಟ್ರೇಲಿಯದಲ್ಲಿ ಕಾಯ್ದೆಯಾಯಿತು. ಅಲ್ಲಿ ರಿಜಿಸ್ಟರಿನಲ್ಲಿ ಹೆಸರಿದ್ದವನೇ ಮಾಲೀಕ. ಸರ್ಕಾರದ ತಪ್ಪಿನಿಂದ ಯಾರಾದರೂ ಆಸ್ತಿ ಕಳೆದುಕೊಂಡರೆ ಪರಿಹಾರ ಕೊಡಲು ನಿಧಿಯೂ ಇತ್ತು. ಅಮೆರಿಕದ್ದು ವ್ಯಾಪಾರಿ ದಾರಿ. ಪೆನ್ಸಿಲ್ವೇನಿಯಾದಲ್ಲಿ ವಕೀಲರ ಅಭಿಪ್ರಾಯ ನಂಬಿ ಆಸ್ತಿ ಕೊಂಡು ಹಣ ಕಳೆದುಕೊಂಡವನೊಬ್ಬ, ಪತ್ರ ಪರಿಶೀಲಿಸಿ ಕೊಟ್ಟವನ ಮೇಲೆ ದಾವೆ ಹೂಡಿ 1868ರಲ್ಲಿ ಸೋತ. ಪರಿಶೀಲಿಸಿದವನದು ನಿರ್ಲಕ್ಷ್ಯವಲ್ಲ ಎಂದಿತು ಕೋರ್ಟು. ಹಾಗಾದರೆ ನಷ್ಟ ಹೊರುವವರು ಯಾರು ಎಂಬ ಪ್ರಶ್ನೆಗೆ ಉತ್ತರವಾಗಿ 1876ರಲ್ಲಿ ಫಿಲಡೆಲ್ಫಿಯಾದಲ್ಲಿ ಹಕ್ಕಿಗೇ ವಿಮೆ ಮಾಡುವ ಕಂಪನಿ ತೆರೆಯಿತು.

ನಮ್ಮಲ್ಲಿ ಭರವಸೆಯೂ ಇಲ್ಲ, ವಿಮೆಯ ರೂಢಿಯೂ ಇಲ್ಲ. ಇರುವುದು ಇಸಿ, ಅಂದರೆ ಋಣಭಾರ ಪತ್ರ. ಮೂವತ್ತು ವರ್ಷದ ಇಸಿ ತೆಗೆಸಿ, ಎಲ್ಲ ಸರಿಯಿದೆ ಎಂದು ನಿಟ್ಟುಸಿರು ಬಿಡುವವರು ಗಮನಿಸಬೇಕಾದದ್ದೇನೆಂದರೆ, ನೋಂದಣಿಯಾದ ವ್ಯವಹಾರ ಮಾತ್ರ ಅದರಲ್ಲಿ ಕಾಣುತ್ತದೆ. ಉಯಿಲಿಗೆ ನೋಂದಣಿ ಕಡ್ಡಾಯವಲ್ಲ. ವಾರಸಿಕೆ ಪತ್ರವಿಲ್ಲದೆಯೇ ಆಗುತ್ತದೆ. ಮೂಲಪತ್ರ ಬ್ಯಾಂಕಿನಲ್ಲಿಟ್ಟು ಪಡೆದ ಸಾಲ ಬಹುಕಾಲ ಹೊರಗಿನವರಿಗೆ ಗೊತ್ತೇ ಆಗುತ್ತಿರಲಿಲ್ಲ. ಒಂದೇ ಆಸ್ತಿಯ ಮೇಲೆ ಹಲವು ಬ್ಯಾಂಕುಗಳಲ್ಲಿ ಸಾಲ ಎತ್ತುವ ವಂಚನೆ ಹೆಚ್ಚಿದ್ದರಿಂದಲೇ 2011ರಲ್ಲಿ ‘ಸರ್ಸಾಯ್’ ಎಂಬ ಕೇಂದ್ರ ದಾಖಲಾತಿ ಶುರುವಾಯಿತು. ಆಸ್ತಿಯ ಮೇಲೆ ದಾವೆ ನಡೆಯುತ್ತಿರುವಾಗ ಕೊಂಡರೆ, ದಾವೆಯ ವಿಷಯ ಗೊತ್ತಿರಲಿ ಬಿಡಲಿ, ತೀರ್ಪಿಗೆ ಕೊಂಡವನೂ ಬದ್ಧ. 1882ರ ಕಾಯ್ದೆಯ 52ನೇ ಕಲಮು ಹೇಳುವುದು ಅದನ್ನೇ.

ಕುಟುಂಬದ ಪಾಲಿನ ತಕರಾರು ಇವೆಲ್ಲಕ್ಕಿಂತ ಸಾಮಾನ್ಯ. ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಪಾಲು ಮಾಡಿಕೊಂಡು ಮಾರಿರುತ್ತಾರೆ, ಅಕ್ಕತಂಗಿಯರ ಸಹಿ ಇರುವುದಿಲ್ಲ. ಕರ್ನಾಟಕ 1994ರಲ್ಲೇ, ಆಗ ಮದುವೆಯಾಗಿರದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಕೊಟ್ಟಿತು. 2005ರ ಕೇಂದ್ರ ತಿದ್ದುಪಡಿ ಮದುವೆಯ ಆ ಷರತ್ತನ್ನೂ ತೆಗೆಯಿತು. 2005ರ ಹೊತ್ತಿಗೆ ತಂದೆ ಬದುಕಿರಬೇಕಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿತು. 2004ರ ಡಿಸೆಂಬರ್ 20ಕ್ಕೆ ಮುಂಚಿನ ಮಾರಾಟಗಳಿಗೆ ಈ ತಿದ್ದುಪಡಿಯಿಂದ ಧಕ್ಕೆಯಿಲ್ಲ. ಆಮೇಲಿನವುಗಳಲ್ಲಿ ಹೆಣ್ಣುಮಕ್ಕಳ ಸಹಿ ಇಲ್ಲದಿದ್ದರೆ ಪಾಲಿನ ದಾವೆ ಬಂದೀತು. ಹಾಗೆಂದು ಅಕ್ಕತಂಗಿಯರನ್ನು ತಕರಾರಿನವರೆಂದು ಕರೆಯುವುದು ಅನ್ಯಾಯ. ಪಾಲು ಅವರದ್ದು, ಬಿಟ್ಟು ಬರೆಸಿದ್ದು ಮಾರಿದವರು.

ಇನ್ನೊಂದು ಕರ್ನಾಟಕದ್ದೇ ಕಾಯ್ದೆ, ಆಡುಮಾತಿನಲ್ಲಿ ಪಿಟಿಸಿಎಲ್. ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನು ಷರತ್ತು ಮೀರಿ ಕೈ ಬದಲಾಗಿದ್ದರೆ ಆ ಮಾರಾಟವನ್ನು 1978ರ ಈ ಕಾಯ್ದೆ ಅನೂರ್ಜಿತವೆನ್ನುತ್ತದೆ, ಮಾರಾಟ ಕಾಯ್ದೆಗಿಂತ ಹಿಂದಿನದಾದರೂ. ಬಹಳ ತಡವಾಗಿ ಬಂದ ಅರ್ಜಿಗಳನ್ನು ಕೋರ್ಟುಗಳು ತಳ್ಳಿಹಾಕತೊಡಗಿದಾಗ, 2023ರ ತಿದ್ದುಪಡಿ ಅರ್ಜಿಗೆ ಕಾಲಮಿತಿಯೇ ಇಲ್ಲವೆಂದಿತು. ಮಂಜೂರುದಾರರಿಗೆ ನ್ಯಾಯ ಸಿಗಬೇಕಾದದ್ದೇ. ಆದರೆ ಅಂಥ ಜಮೀನು ಬಡಾವಣೆಯಾಗಿ, ನಿವೇಶನ ನಾಲ್ಕು ಕೈ ದಾಟಿ, ಮನೆ ಎದ್ದಮೇಲೆ ನೋಟಿಸು ಹೋಗುವುದು ಕೊನೆಯಲ್ಲಿ ಕೊಂಡವರಿಗೆ. ಮೊದಲು ಷರತ್ತು ಮುರಿದು ಕೊಂಡ ಉಳ್ಳವರು ಅಷ್ಟರೊಳಗೆ ಲಾಭ ಎಣಿಸಿಕೊಂಡು ಹೋಗಿರುತ್ತಾರೆ.

ಜಿಪಿಎ, ಅಂದರೆ ಸಾಮಾನ್ಯ ಅಧಿಕಾರಪತ್ರದ ಮೂಲಕ ನಡೆಯುವ ಮಾರಾಟದ ವಿಷಯದಲ್ಲಿ ಮಾತ್ರ ಕಾನೂನು ಸ್ಪಷ್ಟ. ಅಧಿಕಾರಪತ್ರ, ಕರಾರು, ಉಯಿಲು ಮೂರನ್ನೂ ಸೇರಿಸಿ ಕೊಟ್ಟರೂ ಮಾಲೀಕತ್ವ ದಾಟುವುದಿಲ್ಲ ಎಂದು 2011ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಹೇಳಿಬಿಟ್ಟಿತು.

ಟಾರೆನ್ಸ್ ಮಾದರಿಯನ್ನು ಇಲ್ಲಿ ತರುವ ಮಾತೂ ಹಳೆಯದೇ. ಪುಣೆಯ ಅರ್ಥಶಾಸ್ತ್ರಜ್ಞ ಡಿ.ಸಿ. ವಾಧ್ವಾ ಯೋಜನಾ ಆಯೋಗಕ್ಕಾಗಿ ಅಧ್ಯಯನ ಮಾಡಿ, ಸರ್ಕಾರವೇ ಹಕ್ಕಿಗೆ ಖಾತರಿ ಕೊಡಬೇಕೆಂದು 1989ರಲ್ಲೇ ವರದಿ ಕೊಟ್ಟರು. 2020ರಲ್ಲಿ ನೀತಿ ಆಯೋಗ ಮಾದರಿ ಕಾಯ್ದೆಯೊಂದನ್ನು ರಾಜ್ಯಗಳ ಮುಂದಿಟ್ಟಿತು. ಅದನ್ನು ಕೈಗೆತ್ತಿಕೊಂಡು ಮುಂದೆ ಹೋದದ್ದು ಆಂಧ್ರಪ್ರದೇಶ. ಅಲ್ಲಿನ ಕಾಯ್ದೆ 2023ರ ಅಕ್ಟೋಬರ್ ಕೊನೆಗೆ ಜಾರಿಗೆ ಬಂತು. ರಿಜಿಸ್ಟರಿನ ನಮೂದನ್ನು ಎರಡು ವರ್ಷದೊಳಗೆ ಯಾರೂ ಪ್ರಶ್ನಿಸದಿದ್ದರೆ ಅದೇ ಅಂತಿಮ. ತಕರಾರು ಬಂದರೆ ನೋಡುವುದು ಸಿವಿಲ್ ಕೋರ್ಟಲ್ಲ, ಸರ್ಕಾರ ನೇಮಿಸಿದ ಅಧಿಕಾರಿ. ವಕೀಲರು ಕಲಾಪ ಬಹಿಷ್ಕರಿಸಿದರು. ಜಮೀನು ಕಿತ್ತುಕೊಳ್ಳುವ ಕಾಯ್ದೆ ಎಂಬ ಮಾತು ಚುನಾವಣೆಯ ತುಂಬ ಓಡಾಡಿತು. ಸರ್ಕಾರ ಬದಲಾಗಿ, 2024ರ ಜುಲೈನಲ್ಲಿ ಕಾಯ್ದೆ ರದ್ದಾಯಿತು. ಪ್ರಚಾರದ ಉತ್ಪ್ರೇಕ್ಷೆ ಬಿಟ್ಟು ನೋಡಿದರೂ ಜನರ ಭಯ ಪೂರ್ತಿ ಸುಳ್ಳಲ್ಲ ಎಂದೇ ನನ್ನ ಅನಿಸಿಕೆ. ಪಹಣಿಯ ಒಂದಕ್ಷರ ತಿದ್ದಿಸಲು ಅಲೆದಾಡಿದವರಿಗೆ, ಅದೇ ಅಧಿಕಾರಿವರ್ಗ ಬರೆದದ್ದು ಎರಡು ವರ್ಷಕ್ಕೆ ಶಿಲಾಶಾಸನವಾಗುತ್ತದೆ ಎಂದರೆ ಧೈರ್ಯ ಹೇಗೆ ಬಂದೀತು?

ಹೀಗಾಗಿ ಕೊಂಡವರ ಕೈಯಲ್ಲಿ ಉಳಿದಿರುವುದು ಮಾರಿದವರ ಮೇಲಿನ ಹಕ್ಕು. ಬೇರೆ ಕರಾರು ಇಲ್ಲದಿದ್ದರೆ, ‘ಮಾರಲು ನನಗೆ ಅಧಿಕಾರವಿದೆ’ ಎಂಬ ಮಾತನ್ನು ಮಾರಿದವನು ಕೊಟ್ಟಂತೆಯೇ ಎಂದು 1882ರ ಕಾಯ್ದೆಯ 55ನೇ ಕಲಮು ಭಾವಿಸುತ್ತದೆ. ಬಿಲ್ಡರ್‌ನಿಂದ ಕೊಂಡವರಿಗೆ 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ 18ನೇ ಕಲಮು ಇನ್ನಷ್ಟು ಬಲ ಕೊಡುತ್ತದೆ: ಯೋಜನೆಯ ಜಮೀನಿನ ಹಕ್ಕಿನಲ್ಲಿ ದೋಷವಿದ್ದು ನಷ್ಟವಾದರೆ ಬಿಲ್ಡರ್ ಪರಿಹಾರ ಕೊಡಬೇಕು, ಆ ಕೋರಿಕೆಗೆ ಕಾಲಮಿತಿಯ ತಡೆಯಿಲ್ಲ. ಹಕ್ಕಿಗೆ ವಿಮೆ ಮಾಡಿಸುವ ಹೊಣೆಯನ್ನೂ ಅದೇ ಕಾಯ್ದೆ ಬಿಲ್ಡರ್ ಮೇಲೆ ಹಾಕಿದೆ, ಆದರೆ ಸರ್ಕಾರ ಅಧಿಸೂಚನೆ ಹೊರಡಿಸಿದ ಮೇಲಷ್ಟೇ. ಹಳೆಯ ಮನೆಯನ್ನು ಅದರ ಮಾಲೀಕರಿಂದ ನೇರವಾಗಿ ಕೊಂಡವರಿಗೆ ಇವೆರಡೂ ಅನ್ವಯಿಸುವುದಿಲ್ಲ. ಅವರು ಮಾರಿದವರನ್ನೋ ಅವರ ವಾರಸುದಾರರನ್ನೋ ಹುಡುಕಿ, ಸಿವಿಲ್ ಕೋರ್ಟಿನಲ್ಲಿ ದಾವೆ ಹೂಡಬೇಕು. ಅಷ್ಟು ದಿನವೂ ಬ್ಯಾಂಕಿನ ಕಂತು ಕಟ್ಟುತ್ತಲೇ ಇರಬೇಕಾಗುತ್ತದೆ.